ಉಪ್ಪು ಕಾಗದದಲ್ಲಿ ಉಜ್ಜಿದ ಬ್ರೇಕು

ಮಂಗಳವಾರ, ನವೆಂಬರ್ ೧೮. ಬನಶಂಕರಿ.

ಬಲಗೈ ಊದಿಕೊಂಡಿದೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ. ಮೆಕ್ಯಾನಿಕ್ ಯಲ್ಲಪ್ಪನನ್ನು ಇವತ್ತು ಅವನ ಗ್ಯಾರೇಜಿನಲ್ಲೇ ಹೊಡೆದೆ.

ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಎಷ್ಟು ಒತ್ತಿದರೂ ಬ್ರೇಕು ಹಿಡಿಯದೆ ಕಾರು ಮುಂದಿನ ಟೆಂಪೋಗೆ ಗುದ್ದಿತು. ಪಕ್ಕದಲ್ಲಿ ಅಮ್ಮ ಕೂತಿದ್ದಳು, ಬೆಲ್ಟು ಹಾಕು ಅಂದರೆ ಕೇಳುವವಳಲ್ಲ. ಅವಳ ಹಣೆ ಒಡೆದು ಏಳು ಹೊಲಿಗೆ. ಆಸ್ಪತ್ರೆಯಿಂದ ನೇರ ಗ್ಯಾರೇಜಿಗೆ ಹೋದೆ, ಹೆಂಡತಿ ಮಧುಮತಿಯೂ ಬಂದಳು.

ಹೋದ ತಿಂಗಳು ಯಲ್ಲಪ್ಪ ಹೇಳಿದ್ದ, "ಬ್ರೇಕ್ ಪ್ಯಾಡ್ ಪೂರಾ ಸವದಾವ್ರಿ ಸರ್. ಹೊಸಾವು ಹಾಕಿದ್ರ ಮೂರು ಸಾವಿರ ಆಗ್ತೈತಿ." ನಾನೇ ಅಂದೆ, "ಮೂರು ಸಾವಿರ ಯಾಕೆ ಗುರು, ಉಪ್ಪು ಕಾಗದದಲ್ಲಿ ಉಜ್ಜಿ ಹಾಕು. ಕಿರ್ ಅನ್ನೋದು ನಿಂತ್ರೆ ಸಾಕು." ಮನೆಗೆ ಬಂದು, ಹೊಸದು ಹಾಕಿಸಿದೆ ಎಂದೆ.

"ಹೊಸದು ಹಾಕಿ ತಿಂಗಳಾಗಿಲ್ಲ, ಹೇಗ್ರೀ ಹೋಯ್ತು?" ಎಂದು ಮಧುಮತಿ ಕೇಳಿದಳು. ಯಲ್ಲಪ್ಪ ನನ್ನ ಮುಖ ನೋಡಿದ. ಬಾಯಿ ತೆರೆದ. ಆ ಬಾಯಿಗೇ ಗುದ್ದಿದೆ. ಬಿದ್ದವನನ್ನು ಕೊರಳಪಟ್ಟಿ ಹಿಡಿದೆತ್ತಿ ಮತ್ತೆ ಅಲ್ಲಿಗೇ ಗುದ್ದಿದೆ. ಅವನ ಹಲ್ಲು ನನ್ನ ಗೆಣ್ಣಿಗೆ ಬಡಿಯಿತು. ರಕ್ತ ಉಗುಳಿ, "ತಪ್ಪಾತ್ರಿ ಸರ್" ಎಂದ. ಹಾಗಂದನಲ್ಲ, ಅದಕ್ಕೇ ಮೈಯೆಲ್ಲ ಉರಿದುಹೋಯಿತು. ಮೂರನೆಯ ಸಲವೂ ಗುದ್ದಿದೆ.

ಊಟವಾದ ಮೇಲೆ ಮಧುಮತಿ ಅರಿಶಿನ ಸುಣ್ಣ ಬಿಸಿ ಮಾಡಿ ತಂದು ಕೈಗೆ ಹಚ್ಚಿದಳು. "ಸರಿಯಾಗೇ ಕೊಟ್ರಿ. ಮೋಸಗಾರರನ್ನ ಬಿಡಬಾರದು" ಎಂದಳು.

ನಾನು ಕೈ ಚಾಚಿಕೊಂಡೇ ಕೂತಿದ್ದೆ. ಉರಿಯಬಾರದೆಂದು ಅವಳು ಮೆಲ್ಲಗೆ ಊದುತ್ತಿದ್ದಳು.