ಹತ್ತು ದಿನ ಬ್ಲೇಡು ಮುಟ್ಟಬಾರದು

ಮಾರ್ಚ್ ೧೧, ಮಂಗಳವಾರ

ಎಂಥ ಪೆದ್ದು ಕೆಲಸ ಮಾಡಿದೆ! ಗದ್ದದ ಕೂದಲು ತೋರಿಸಲೆಂದೇ ಚರ್ಮದ ಡಾಕ್ಟರ ಬಳಿ ಹೊರಟವಳು, ಅಭ್ಯಾಸಬಲದಿಂದ ಬೆಳಿಗ್ಗೆ ನುಣ್ಣಗೆ ಬೋಳಿಸಿಕೊಂಡೇ ಹೋಗಿದ್ದೆ.

"ನೋಡೋಕೆ ಏನೂ ಉಳಿಸಿಲ್ವಲ್ಲಮ್ಮ," ಎಂದು ಡಾಕ್ಟರಮ್ಮ ನಕ್ಕರು. "ರಕ್ತ ಪರೀಕ್ಷೆ ಮಾಡಿಸಿ. ಹತ್ತು ದಿನ ಬ್ಲೇಡು ಮುಟ್ಟಬೇಡಿ. ಎಷ್ಟು ಬರುತ್ತೆ ನೋಡ್ಕೊಂಡು ಆಮೇಲೆ ಔಷಧಿ, ಲೇಸರ್ ಮಾತು."

ಹತ್ತು ದಿನ! ನನ್ನದು ಕನ್ನಡಕದ ಅಂಗಡಿಯ ಕೆಲಸ. ಗಿರಾಕಿಯ ಕಿವಿಗೆ ಫ್ರೇಮು ಕೂರಿಸುವಾಗ ಇಬ್ಬರ ಮುಖಕ್ಕೂ ಒಂದು ಗೇಣಿನ ಅಂತರ. ಹೊಸ ಕನ್ನಡಕ ಹಾಕಿದವರಿಗೆ ಎಲ್ಲಕ್ಕಿಂತ ಮೊದಲು ಸ್ಪಷ್ಟವಾಗಿ ಕಾಣುವುದು ನನ್ನ ಗದ್ದವೇ. ರಕ್ತದಲ್ಲಿ ಏನು ಸಿಗುತ್ತದೋ ಎಂಬ ಭಯ ಬೇರೆ.

"ನಿಮ್ಮ ತಾಯಿಗೂ ಇತ್ತಾ?" ಎಂದೂ ಡಾಕ್ಟರಮ್ಮ ಕೇಳಿದ್ದರು. ಇತ್ತು. ಆ ಪ್ರಶ್ನೆಯೇ ನಿದ್ದೆ ಕೆಡಿಸಿದೆ.

ಈಗಷ್ಟೇ ಟಾರ್ಚ್ ಹಿಡಿದು, ಮಲಗಿದ್ದ ಮಗಳ ಗದ್ದ, ಮೇಲ್ದುಟಿ ನೋಡುತ್ತಿದ್ದೆ. ಅವಳಿಗಿನ್ನೂ ಒಂಬತ್ತು. ತಟ್ಟನೆ ಕಣ್ಣು ಬಿಟ್ಟಳು.

"ಏನಮ್ಮ ಹುಡುಕ್ತಿದೀಯ?"

"ಏನಿಲ್ಲ ಪುಟ್ಟಿ, ಮಲ್ಕೋ."

ಗೋಡೆಯ ಕಡೆ ತಿರುಗಿ ಅಂಗೈಯಿಂದ ಗದ್ದ ಮುಚ್ಚಿಕೊಂಡಳು. ಥೇಟ್ ನಾನು ಮುಚ್ಚಿಕೊಳ್ಳುವ ಹಾಗೆ. ಇದನ್ನು ಅವಳು ಯಾವಾಗ ನೋಡಿ ಕಲಿತಳೋ!