ರಿನಾಯ್ ಎಂಬವಳನ್ನು ಹುಡುಕಿದ ವಾರ

ನನ್ನ ಮಗಳ ಹೊಟ್ಟೆಯೊಳಗೆ ಕಾಲು ಝಾಡಿಸುತ್ತಿರುವ ಪುಟ್ಟ ಜೀವವೇ,

ನೀನಿನ್ನೂ ಹುಟ್ಟಿಲ್ಲ, ಆಗಲೇ ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಮುಚ್ಚಿಡುವುದೇನು, ಹೇಳಿಬಿಡುತ್ತೇನೆ. ನಮ್ಮ ಕೆಲಾಬಿತ್ ಜನರಲ್ಲಿ ಚೊಚ್ಚಲ ಮಗು ಹುಟ್ಟಿದರೆ ಹೆತ್ತವರ ಹೆಸರು ಬದಲಾಗುತ್ತದೆ, ಅಜ್ಜ ಅಜ್ಜಿಯರದೂ ಬದಲಾಗುತ್ತದೆ. ಊರಿಗೆಲ್ಲ ಔತಣ ಹಾಕಿ ಹೊಸ ಹೆಸರು ಸಾರಿದ ಮೇಲೆ ಹಳೆಯದನ್ನು ಯಾರೂ ಕರೆಯುವಂತಿಲ್ಲ. ಕರೆದರೆ ಹುಟ್ಟಿದ ಮಗುವನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದ ಹಾಗೆ. ಹತ್ತೊಂಬತ್ತನೆಯ ವಯಸ್ಸಿಗೆ ನಿನ್ನಮ್ಮನನ್ನು, ಅಂದರೆ ಸುಪಾಂಗಳನ್ನು, ಹೆರುವವರೆಗೆ ನಾನು ರಿನಾಯ್ ಆಗಿದ್ದೆ. ಔತಣದಲ್ಲಿ ಮಾವ ಎದ್ದು ನಿಂತು ನನ್ನ ಹೊಸ ಹೆಸರು ‘ಸಿನಾ ಉಲುನ್’ ಎಂದು ಸಾರಿಬಿಟ್ಟರು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಆ ಹೆಸರಿನಲ್ಲಿ ಬಾಳಿದೆ, ಬಟ್ಟೆ ಹೊಲಿದೆ, ಗಂಡನನ್ನು ಮಣ್ಣು ಮಾಡಿದೆ. ಈಗ ನೀನು ಬರುತ್ತೀಯಂತೆ, ಇದನ್ನೂ ಕಳಚಿಡಬೇಕಂತೆ.

“ವಿಮಾನದಲ್ಲಿ ಬಂದ್ಬಿಡಮ್ಮ, ಒಂದು ಗಂಟೆ ದಾರಿ” ಎಂದು ಸುಪಾಂಗ್ ಬೆಟ್ಟದ ಮೇಲಿನ ತನ್ನೂರು ಬಾರಿಯೋದಿಂದ ಫೋನು ಮಾಡಿದಳು. ಹೊಲಿಗೆ ಬಾಕಿ ಇದೆ ಎಂದು ಸುಳ್ಳು ಹೇಳಿದೆ. ಪ್ರವಾಸಿಗಳನ್ನು ಕಾಡು ಸುತ್ತಿಸುತ್ತಿದ್ದಾಗಿನ ಅವಳ ಬೆನ್ನುಚೀಲ ಮಿರಿಯ ನನ್ನ ಮನೆಯಲ್ಲೇ ಬಿದ್ದಿತ್ತು. ಅದಕ್ಕೆ ಎರಡು ಜೊತೆ ಬಟ್ಟೆ ತುರುಕಿ, ಅಂಗಡಿಗೆ ಬೀಗ ಜಡಿದು ಹೊರಟೆ. ಹೊಸ ಹೆಸರು ಬೀಳುವ ಮುಂಚೆ ಯಾರಾದರೊಬ್ಬರ ಬಾಯಿಂದ ಒಂದೇ ಒಂದು ಸಲ ರಿನಾಯ್ ಎಂದು ಕರೆಸಿಕೊಳ್ಳಬೇಕಿತ್ತು.

ಮೊದಲ ದಿನ ಮರುದಿ ಎಂಬ ಪಟ್ಟಣದಲ್ಲಿ ಇಳಿದೆ. ಶಾಲೆಯ ಗೆಳತಿ ಸಿಗಾಂಗ್ ಅಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದಾಳೆ. “ನಲವತ್ತು ದಾಟಿದ್ಮೇಲೆ ಬೆನ್ನಿಗೆ ಚೀಲ ಕಟ್ಕೊಂಡು ಬಿಳಿ ಹುಡುಗೀರ ಥರ ತಿರುಗ್ತಿದೀಯಲ್ಲ, ತಲೆ ಕೆಟ್ಟಿದ್ಯೇನೇ?” ಎಂದು ನಕ್ಕಳು. ಆಸೆ ಹೇಳಿಕೊಂಡೆ. ಅವಳ ನಗು ನಿಂತಿತು. ಸುಪಾಂಗಳಿಗೆ ಅವಮಾನ ಮಾಡುವ ಕೆಲಸ ತನ್ನ ಕೈಲಾಗದು ಎಂದು ಬಟ್ಟಲನ್ನು ನನ್ನ ಮುಂದೆ ತಳ್ಳಿ ಒಳಗೆ ಹೋದಳು. ಮರುದಿನ ದೋಣಿ ಹತ್ತಿ ಲಾಂಗ್ ಲಾಮಾ ಸೇರಿದೆ. ಅಲ್ಲಿ ಕೂತಲ್ಲಿ ಕೂರಲಾಗದೆ, ಆ ಊರಿಗಿರುವ ಒಂದೇ ಬೀದಿಯನ್ನು ನಾಲ್ಕು ಸಲ ಅಳೆದೆ. ಅಂಗಡಿಯವನಿಗೆ ಕನಿಕರವಾಗಿ ಒಂದು ಸ್ಟೂಲು ಹಾಕಿದ. ಮೂರನೆಯ ದಿನ ಮರ ಸಾಗಿಸುವ ರಸ್ತೆಯಲ್ಲಿ ಲಾರಿಯ ಕುಲುಕಾಟಕ್ಕೆ ಸೊಂಟ ಸಡಿಲವಾಗಿ ಬಾರಿಯೋದಲ್ಲಿ ಇಳಿದೆ. ಅಲ್ಲಿಂದ ನಿನ್ನಮ್ಮನ ಮನೆಗೆ ಹದಿನೈದು ನಿಮಿಷ ನಡಿಗೆ. ನಾನು ಆ ಕಡೆ ತಿರುಗಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ದಕ್ಷಿಣದ ಕಾಡುದಾರಿ ಹಿಡಿದೆ. ಎಮ್ಮೆಗಳು ತುಳಿದ ಕೆಸರು, ಓಲಾಡುವ ಬಿದಿರಿನ ಸೇತುವೆ, ಮೊಣಕಾಲಿನವರೆಗೆ ಹಸಿರು ನೀರು. ಕಾಲು ನಿಂತರೆ ಜಿಗಣೆ ಹತ್ತುತ್ತಿತ್ತು, ಮನಸ್ಸು ನಿಂತರೆ ನೀನು ಹತ್ತುತ್ತಿದ್ದೆ. ಹಾಗಾಗಿ ಎರಡನ್ನೂ ನಿಲ್ಲಿಸಲಿಲ್ಲ. ಐದನೆಯ ದಿನ ಪಾ ದಾಲಿಹ್ ತಲುಪಿದೆ. ನನ್ನ ಅಮ್ಮನ ಗೆಳತಿ ಬುಲಾನಜ್ಜಿ ಅಲ್ಲಿದ್ದಾಳೆ. ಅವಳಿಗೆ ಈಗ ನೆನಪು ಹಿಂದು ಮುಂದಾಗಿದೆ. ಆ ಮರೆವನ್ನೇ ನಂಬಿ ಅಷ್ಟು ದೂರ ಬಂದಿದ್ದೆ, ನೋಡು ನನ್ನ ಬುದ್ಧಿ.

ಅಜ್ಜಿ ಒಲೆಯ ಪಕ್ಕ ಕೂತು ಮೆತ್ತನೆಯ ಅನ್ನವನ್ನು ಎಲೆಯಲ್ಲಿ ಕಟ್ಟುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತದೆ, “ಯಾರು, ರಿನಾಯಾ? ಸೌದೆ ತಂದ್ಯಾ?” ಎಂದಳು.

ನಾನು ಹಿಂದೆ ತಿರುಗಿ ನೋಡಿದೆ. ನಿಜಕ್ಕೂ ನೋಡಿದೆ, ಯಾವ ಹುಡುಗಿ ಸೌದೆ ಹೊತ್ತು ನನ್ನ ಬೆನ್ನಿಗೆ ಬಂದಳು ಎಂದು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಅಜ್ಜಿ ತನ್ನ ಪಾಡಿಗೆ ಮಾತಾಡುತ್ತಲೇ ಇದ್ದಳು. “ನಿಮ್ಮಮ್ಮ ಭತ್ತದ ಕಣಜದ ಹಿಂದೆ ನಿಂತ್ಕೊಂಡು ಅಳ್ತಿದ್ಲು ಕಣೇ. ನಾಳೆ ಔತಣ, ಇನ್ಮೇಲೆ ಮಗಳನ್ನ ರಿನಾಯ್ ಅಂತ ಕರೆಯೋ ಹಾಗಿಲ್ವಲ್ಲ ಅಂತ. ಕಣಜದ ಕಡೆ ಮುಖ ಮಾಡಿ ರಿನಾಯ್, ರಿನಾಯ್ ಅಂತಿದ್ಲು.”

ಅಮ್ಮ ತೀರಿಕೊಂಡು ಹದಿನೆಂಟು ವರ್ಷವಾಯಿತು. ಔತಣದ ದಿನ ಎಲ್ಲರಿಗಿಂತ ಜೋರಾಗಿ ಹಾಡಿದವಳು ಅವಳೇ. ಹಿಂದಿನ ದಿನ ಅತ್ತಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಕೊಟ್ಟ ಅನ್ನದ ಪೊಟ್ಟಣ ಬಿಚ್ಚುತ್ತಿದ್ದಾಗ ಥಟ್ಟನೆ ಹೊಳೆಯಿತು: ಈಗ ಬರುವ ಔತಣದಲ್ಲಿ ನನ್ನದರ ಜೊತೆಗೆ ಸುಪಾಂಗಳ ಹೆಸರೂ ಹೋಗುತ್ತದೆ. ಅತ್ತೆ ಮಾವನ ಎದುರು ಹಟ ಹಿಡಿದು ನಾನೇ ಇಟ್ಟ ಹೆಸರು. ಆ ಮನೆಯಲ್ಲಿ ನಾನು ಗೆದ್ದ ಒಂದೇ ಜಗಳ ಅದು. ಅವಳನ್ನು ಹಾಗೆ ಕರೆಯಲು ನನಗೆ ಉಳಿದಿದ್ದ ದಿನಗಳು ಬೆರಳೆಣಿಕೆಯಷ್ಟು. ಅದರಲ್ಲಿ ಐದನ್ನು ಯಾರಿಗೋ ಸೌದೆ ತರುತ್ತಿದ್ದ ಹುಡುಗಿಯನ್ನು ಹುಡುಕುತ್ತ ಕಳೆದುಬಿಟ್ಟಿದ್ದೆ.

ಪೊಟ್ಟಣವನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಎದ್ದೆ. ದಾರಿಯಲ್ಲಿ ಎರಡು ಸಲ ಬಿದ್ದೆ. ಏಳನೆಯ ದಿನ ಮಧ್ಯಾಹ್ನ ಬಾರಿಯೋದಲ್ಲಿ ಹಲವು ಸಂಸಾರಗಳು ಒಂದೇ ಸೂರಿನಡಿ ಬಾಳುವ ಉದ್ದಮನೆಯ ಜಗಲಿಯಲ್ಲಿ ಸುಪಾಂಗ್ ಊದಿದ ಕಾಲು ಚಾಚಿ ಕೂತಿದ್ದಳು. ನನ್ನ ಕೆಸರು ಬಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

“ನೀನು ಲಾರಿ ಇಳಿದ ದಿನಾನೇ ಗೊತ್ತಾಯ್ತು. ಇಲ್ಲಿಗೆ ಬರೋಕೆ ನಾಲ್ಕು ದಿನ ಬೇಕಾಯ್ತಾ ನಿಂಗೆ?”

ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ಸುಪಾಂಗ್.”

“ಏನು?”

“ಏನಿಲ್ಲ. ಸುಪಾಂಗ್.”

ಅಂದಿನಿಂದ ಅದೇ ಕೆಲಸ. ಅಡುಗೆ ಒಲೆಯ ಹತ್ತಿರದಿಂದ ಕರೆಯುತ್ತೇನೆ, ಬಟ್ಟೆ ಒಗೆಯುವ ಕಡೆಯಿಂದ ಕರೆಯುತ್ತೇನೆ. ಅವಳು ಓ ಎಂದರೆ ಉಪ್ಪು ಎಲ್ಲಿದೆ ಎಂದೋ ಇನ್ನೇನೋ ಕೇಳುತ್ತೇನೆ. ನಿನ್ನೆ ರೇಗಿ, ಪಕ್ಕದಲ್ಲೇ ಕೂತವಳನ್ನು ಯಾಕೆ ಹಾಗೆ ಕೂಗುತ್ತೀ ಎಂದಳು. ನಾನು ಹೇಳಲಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ನನಗೆ ಯಾವ ಹೆಸರು ಬಂದರೂ ಸರಿ, ಮಗುವೇ. ಕೈಕಾಲು ಗಟ್ಟಿಯಾಗಿ ಬಾ, ನಿನ್ನಮ್ಮನನ್ನು ಹೆಚ್ಚು ನೋಯಿಸದೆ ಬಾ, ನೂರು ಕಾಲ ಬಾಳು. ಆದರೆ ಒಂದೆರಡು ದಿನ ತಡವಾದರೂ ಪರವಾಗಿಲ್ಲ. ನಾನಿನ್ನೂ ಅವಳನ್ನು ಕರೆದು ಮುಗಿಸಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಸುಪಾಂಗಳ ಅಮ್ಮ