ಸೊಸೆಯ ರಕ್ತ ಕೇಳಿಕೊಂಡು ಬಂದವರು

ಸೊರಬ
೧೮–೧–೧೯೫೯

ಗೆಳೆಯ ಮಹೇಶ್ವರಪ್ಪನಿಗೆ ಸದಾಶಿವಪ್ಪನ ಶರಣು.

ಬೀಗನಾದ ಮೇಲೆ ನಿನ್ನನ್ನು ಬಹುವಚನದಲ್ಲಿ ಕರೆಯಬೇಕಿತ್ತು. ಕೂಲಿಮಠದಲ್ಲಿ ಒಂದೇ ಬೆತ್ತದ ಏಟು ತಿಂದವನಿಗೆ ಬಾಯಿ ತಿರುಗುವುದಿಲ್ಲ, ತಪ್ಪು ತಿಳಿಯಬೇಡ. ಇಪ್ಪತ್ತೊಂದು ತಿಂಗಳಿಂದ ಒಂದು ಕಾಗದವನ್ನೂ ಬರೆಯಲಿಲ್ಲ, ಅದು ನನ್ನ ತಪ್ಪೇ. ನೀನೂ ಬರೆಯಲಿಲ್ಲ ಬಿಡು. ಬರೆದದ್ದು ನನ್ನ ಕೈ ಸೇರಲಿಲ್ಲವೋ ಏನೋ. ಇಲ್ಲಿನ ಅಂಚೆಯವನು ಲಕೋಟೆಗಳನ್ನು ಬಿಸಿಲಿಗೆ ಹಿಡಿದು ನೋಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇದನ್ನು ಉಚ್ಚಂಗಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಕಡೆ ಸಿಡುಬಿಗೆ ದಾಕು ಹಾಕುವವನು ಅವನು. ಅವನ ಮೇಲೂ ಪೂರಾ ನಂಬಿಕೆಯಿಲ್ಲ. ಅಂಟು ಬಿಚ್ಚಿದ ಹಾಗೆ ಕಂಡರೆ ತಿಳಿಸು.

ನಮ್ಮ ಕ್ಷೇಮದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಹಾಲಮ್ಮ ಅಡಿಗೆ ಮಾಡಿ ಬಡಿಸುತ್ತಾಳೆ, ಎದುರಿಗೆ ಕೂರುವುದಿಲ್ಲ. ಮಗ ಹೋದ, ಸೊಸೆಯನ್ನು ನೀವು ಕಳಿಸಿದಿರಿ ಎಂಬ ಎರಡೇ ಮಾತು ಅವಳದು.

ಮೊನ್ನೆ ಪುಣೆಯ ಡಾಕ್ಟರು ಮತ್ತೆ ಬಂದಿದ್ದರು. ಆ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಹಿಂದೆಯೇ ಊರಿಗೆ ಜ್ವರ ಬಂದು, ಹನ್ನೆರಡೇ ದಿನಕ್ಕೆ ನನ್ನ ನಾಗರಾಜನನ್ನು ಮಣ್ಣು ಮಾಡಿದೆವಲ್ಲ, ಆಗ ಬಂದಿದ್ದವರೇ. ಈ ಸಲ ಜೀಪು ನೇರವಾಗಿ ನನ್ನ ಮನೆಯ ಮುಂದೆಯೇ ನಿಂತಿತು. ನಿನ್ನ ಮಗಳು ರಾಜೇಶ್ವರಿ ಬೇಕಂತೆ. ಅದೇ ಜ್ವರ ಬಂದೂ ಬದುಕಿದವಳು, ಆಗೊಮ್ಮೆ ರಕ್ತ ಕೊಟ್ಟವಳು. ಇನ್ನೊಂದು ಸಲ ರಕ್ತ ಬೇಕಂತೆ.

ನನಗೆ ಮೈಯೆಲ್ಲ ಉರಿಯಿತು. ಯಾವ ಪುಣ್ಯಾತ್ಮ ಸೀಸೆ ಹಿಡಿದುಕೊಂಡು ಊರೂರು ತಿರುಗಿ ಹೆಣ್ಣುಮಕ್ಕಳ ರಕ್ತ ಕೇಳುತ್ತಾನೆ? "ಎಲ್ಲಿದಾಳೋ ನಂಗೊತ್ತಿಲ್ರೀ" ಎಂದುಬಿಟ್ಟೆ. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವರ ಮಾತನ್ನು ಕನ್ನಡ ಮಾಡಿ ಹೇಳಲು ಬಂದಿದ್ದವನು ಈ ಉಚ್ಚಂಗಪ್ಪನೇ.

"ಸಿಟ್ಟಾಗಬ್ಯಾಡ್ರಿ ಯಜಮಾನ್ರೇ. ಜ್ವರ ಬಂದಾಗ ಮೈಯಾಗೆ ಕೆಲವು ಜೀವಕಣ ಎಚ್ರ ಆಗ್ತಾವಂತೆ. ಎಳೇವು ಇದ್ದಾಗ ಅವಕ್ಕೆ ಕೆಲಸ ಬರಲ್ಲ. ಬಲಿತ ಮ್ಯಾಲೆ ಆ ಒಂದು ಜ್ವರಕ್ಕೇ ತಕ್ಕ ಮದ್ದು ಮಾಡಿ ರಕ್ತಕ್ಕೆ ಬಿಡ್ತಾವಂತೆ."

"ಹಾಲುಗಾಳು ಬಲಿತು ಭತ್ತ ಆದಂಗೋ?"

"ಹಂಗೇ ಅನ್ಕಳ್ರಿ. ಭಾಳಷ್ಟು ಕಣ ಸತ್ತೋಗ್ತಾವೆ. ಆದ್ರೂ ವರ್ಷ ಕಳೆದ ಮ್ಯಾಲೂ ರಕ್ತದಾಗೆ ಮದ್ದು ಸಿಗ್ತೈತಂತೆ. ಯಾವ ಕಣ ಉಳ್ಕಂಡು ಮಾಡ್ತಾವೆ, ಮೈಯಾಗೆ ಎಲ್ಲಿ ಅಡಗಿರ್ತಾವೆ ಅನ್ನೋದು ಇವ್ರಿಗೂ ಗೊತ್ತಿಲ್ಲ. ಅದಕ್ಕೇ ಅಕ್ಕೋರನ್ನ ಹುಡುಕ್ತಿರಾದು."

ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಡಾಕ್ಟರನ್ನು ನಾನು ಕಂಡದ್ದು ಇದೇ ಮೊದಲು. ಅದರಿಂದಲೇ ಅನುಮಾನ ಇನ್ನೂ ಹೆಚ್ಚಾಯಿತು. "ಹಂಗಾರೆ ನನ್ ಮಗನ ಮೈಯಾಗೆ ಯಾಕೆ ಬಲೀಲಿಲ್ಲ?" ಎಂದು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಉಚ್ಚಂಗಪ್ಪ ನೆಲ ನೋಡುತ್ತಾ ಹೇಳಿದ: "ಬಲಿಯಾಕೆ ದಿನ ಬೇಕಂತೆ ಯಜಮಾನ್ರೇ. ಅವ್ರಿಗೆ ದಿನ ಸಿಗಲಿಲ್ಲ."

ಮಹೇಶ್ವರಪ್ಪ, ಆವತ್ತಿನ ನನ್ನ ಮಾತು ನಿನಗೆ ಗೊತ್ತೇ ಇದೆ. ನಾಗರಾಜನ ಗಣಾರಾಧನೆ ಮುಗಿದ ಮರುದಿನ ಪಕ್ಕದ ಮನೆಯ ಉಜ್ಜಪ್ಪ, "ಕಾಡಿಗೆ ಸೊಪ್ಪಿಗೆ ಹೋಗಾಳು ಯಾರು? ನಿಮ್ಮನ್ಯಾಗೆ ಮೊದ್ಲು ಜ್ವರ ಬಂದಿದ್ದು ಯಾರಿಗೆ?" ಎಂದು ಜಗಲಿಯ ಮೇಲೆ ಎಲ್ಲರೆದುರು ಕೇಳಿದ. ನಾನು ರಾಜೇಶ್ವರಿಯನ್ನು ಹೊರಗೆ ಕರೆದು, ನೀನೇ ಜ್ವರ ಹೊತ್ತು ತಂದೆ, ಗಂಡನ ಆಯುಷ್ಯ ತಿಂದು ನೀನು ಉಳಿದೆ ಎಂದೆ. "ಮಾವಾರೇ, ಆ ವಾರ ನಾನು ಕಾಡಿಗೇ ಹೋಗಿಲ್ರೀ" ಎಂದಳು. ಇನ್ನೂ ನಿಲ್ಲಲು ತ್ರಾಣವಿರಲಿಲ್ಲ ಆ ಕೂಸಿಗೆ. ಗಾಡಿ ಕಟ್ಟಿಸಿ ಶಿಕಾರಿಪುರಕ್ಕೆ ಕಳಿಸಿಬಿಟ್ಟೆ.

ಈಗ ವಿಳಾಸ ಹೇಳಿದ್ದೇನೆ. ಅವರು ನಿನ್ನ ಅಂಗಡಿಗೆ ಬಂದಾರು. ರಕ್ತ ಕೊಡುವುದು ಬಿಡುವುದು ಅವಳ ಇಷ್ಟ, ಯಾರೂ ಬಲವಂತ ಮಾಡಬಾರದು. ಕೊಟ್ಟರೆ, ಸೀಸೆಯ ಮೇಲೆ ಯಾರ ಹೆಸರು ಬರೆಯುತ್ತಾರೆ ಎಂದು ನೀನು ಎದುರಿಗೆ ನಿಂತು ನೋಡಿಕೋ. ಈ ಕಾಗದವನ್ನು ಅವಳಿಗೆ ತೋರಿಸಬೇಡ.

ಮಗಳು ಆರೋಗ್ಯವಾಗಿ ಬಾಳಲಿ. ನನ್ನ ಆಶೀರ್ವಾದ ಎಂದರೆ ಬೇಡವೆಂದಾಳು. ಹಾಲಮ್ಮನದು ಎಂದು ಹೇಳು.

ನಿನ್ನ
ಸದಾಶಿವಪ್ಪ

ತಾ.ಕ.: ತೋರಿಸಬೇಡ ಎಂದು ಬರೆದೆ. ಬೇಡ, ಇದಿಷ್ಟನ್ನು ನಾಲ್ಕು ಜನರನ್ನು ಕೂರಿಸಿಕೊಂಡು ಅವಳಿಗೆ ಗಟ್ಟಿಯಾಗಿ ಓದಿ ಹೇಳು.

ಹೋದ ಸುಗ್ಗಿಯಲ್ಲಿ ಊರವರೆಲ್ಲರ ಜೊತೆ ನನ್ನ ರಕ್ತವನ್ನೂ ತೆಗೆದಿದ್ದರು. ಜೀಪು ಹತ್ತುವ ಮೊದಲು ಡಾಕ್ಟರು, "ನಿಮಗೆ ಜ್ವರ ಯಾವಾಗ ಬಂದಿತ್ತು?" ಎಂದು ಉಚ್ಚಂಗಪ್ಪನಿಂದ ಕೇಳಿಸಿದರು. ನನ್ನ ರಕ್ತದಲ್ಲೂ ಅದೇ ಮದ್ದು ಇದೆಯಂತೆ. ಬಂದೇ ಇಲ್ಲ ಎಂದೆ. ಸುಳ್ಳು. ಗದ್ದೆಯ ಬದುವಿನಲ್ಲಿ ಸತ್ತು ಬಿದ್ದಿದ್ದ ಮಂಗನನ್ನು ಹನುಮಪ್ಪ ಎಂದು ನನ್ನ ಕಂಬಳಿಯಲ್ಲಿ ಸುತ್ತಿ ಹೊತ್ತೊಯ್ದು, ಕಾಯಿ ಒಡೆದು ಮಣ್ಣು ಮಾಡಿದವನು ನಾನು. ಅಂದು ಸಂಜೆ ಅದೇ ಕಂಬಳಿಯನ್ನು ನಾಗರಾಜ ಹೊದೆಯಲು ಕೇಳಿದ, ಕೊಟ್ಟೆ. ಐದನೇ ದಿನಕ್ಕೆ ನನಗೆ ಜ್ವರ ಬಂತು. ಜ್ವರದ ಮನೆಗೆ ಯಾರೂ ಕಾಲಿಡುತ್ತಿರಲಿಲ್ಲವೆಂದು, ಕಬ್ಬು ಕಾಯುವ ನೆಪ ಹೇಳಿ ಗದ್ದೆಯ ಗುಡಿಸಲಿನಲ್ಲಿ ಆರು ದಿನ ಮಲಗಿದ್ದು ಎದ್ದು ಬಂದೆ. ಅಷ್ಟರಲ್ಲಿ ನಾಗರಾಜ, ರಾಜೇಶ್ವರಿ ಇಬ್ಬರೂ ಜ್ವರ ಬಂದು ಮಲಗಿದ್ದರು.

ಮಂಗನ ಮೈಯ ಉಣುಗು ಕಚ್ಚಿ ಈ ಜ್ವರ ಬರುತ್ತದೆ ಎಂದು ಡಾಕ್ಟರು ಹೇಳುವುದು ಈಗ. ಅದು ನನಗೆ ಆಗ ಗೊತ್ತಿರಲಿಲ್ಲ, ರಾಜೇಶ್ವರಿ. ಆದರೆ ಮನೆಯಲ್ಲಿ ಮೊದಲು ಜ್ವರ ಬಂದದ್ದು ಯಾರಿಗೆ ಎಂದು ಉಜ್ಜಪ್ಪ ಕೇಳಿದಾಗ, ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಗಾಡಿ ಹತ್ತಿಸಿದೆ, ತಾಯಿ.